ಭಯವನ್ನು ಒಪ್ಪಿಕೊಳ್ಳುವುದೆಂದರೆ ಅದಕ್ಕೆ ಸೋಲುವುದೇ?

ಹನ್ನೊಂದನೆಯ ಮಹಡಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ.

ನನಗೆ ಲಿಫ್ಟ್ ಎಂದರೆ ಭಯ. ಇಷ್ಟು ಚಿಕ್ಕ ವಾಕ್ಯವನ್ನು ಸುತ್ತುಬಳಸದೆ ಬರೆಯಲು ನನಗೆ 22 ವರ್ಷ ಬೇಕಾಯಿತು. ನನಗೆ 16 ವರ್ಷವಾಗಿದ್ದಾಗ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತುಹೋಗಿ, ದೀಪವೂ ಆರಿ, ಗುರುತಿಲ್ಲದ ನಾಲ್ಕು ಜನರೊಂದಿಗೆ ಸುಮಾರು 20 ನಿಮಿಷ ಒಳಗೇ ಸಿಕ್ಕಿಕೊಂಡಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ನಾನು ಮೆಟ್ಟಿಲು ಹತ್ತುವವನಾದೆ. ಕಚೇರಿಯಲ್ಲಿ ಇದನ್ನು ಎಲ್ಲರೂ ವ್ಯಾಯಾಮದ ಶಿಸ್ತು ಎಂದುಕೊಂಡಿದ್ದಾರೆ. ನಾನೂ ಆ ತಪ್ಪು ತಿಳಿವಳಿಕೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದೇನೆ. ಕಳೆದ ವರ್ಷ ನಮ್ಮ ಕಚೇರಿ 11ನೆಯ ಮಹಡಿಗೆ ಬಂದಿತು. ಬೆವರು ಆರಿಸಿಕೊಳ್ಳಲು ಸಮಯ ಸಿಗಲೆಂದು ಉಳಿದವರಿಗಿಂತ ಅರ್ಧ ಗಂಟೆ ಮೊದಲೇ ಬರುತ್ತೇನೆ. ಈಗ ಮಂಡಿ ನೋವು ಶುರುವಾಗಿರುವುದರಿಂದ ಈ ನಾಟಕವನ್ನು ಹೆಚ್ಚು ಕಾಲ ನಡೆಸಲಾಗದು ಎಂಬುದು ಖಚಿತವಾಗಿದೆ.

ನನಗೆ ಮಾಹಿತಿಯ ಕೊರತೆ ಇಲ್ಲ. ಹಗ್ಗ ಕಡಿದರೂ ಲಿಫ್ಟ್ ಬೀಳದಂತೆ ಹಿಡಿಯುವ ಸಾಧನವನ್ನು ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ಅಟ್ಟಣೆಯ ಮೇಲೆ ನಿಂತು, ಮೇಲಿನ ಹಗ್ಗವನ್ನು ಕಡಿಸಿ, ಜನರಿಗೆ ತೋರಿಸಿಕೊಟ್ಟಿದ್ದ. ಲಿಫ್ಟಿನ ಪೆಟ್ಟಿಗೆ ಗಾಳಿಯಾಡದಷ್ಟು ಬಿಗಿಯಾಗಿರುವುದಿಲ್ಲವೆಂಬುದೂ ನನಗೆ ಗೊತ್ತು. ಆದರೆ ಈ ಜ್ಞಾನವೆಲ್ಲ ಬಾಗಿಲು ಮುಚ್ಚುವವರೆಗೆ ಮಾತ್ರ ನನ್ನ ಜೊತೆಗಿರುತ್ತದೆ. ಆಮೇಲೆ ಎದೆ ಡವಡವ ಹೊಡೆದುಕೊಂಡು, ಬಾಯಿ ಒಣಗಿ, ಬೆರಳ ತುದಿಗಳು ಜೋಮು ಹಿಡಿಯುತ್ತವೆ.

ಎರಡು ವರ್ಷಗಳಿಂದ ಆತ್ಮಾವಲೋಕನವೆಂದುಕೊಂಡು ದಿನಚರಿ ಬರೆಯುತ್ತಿದ್ದೇನೆ. ಏಕೆ ನಾನು ಹೀಗಾದೆ, ಬಾಲ್ಯದಲ್ಲಿ ಏನು ಕೊರತೆಯಾಗಿತ್ತು, ತಂದೆಯವರ ಕಟ್ಟುನಿಟ್ಟು ಇದಕ್ಕೆ ಕಾರಣವೇ, ಸ್ವಭಾವವೇ ದುರ್ಬಲವೇ ಎಂದು ಮೂರು ನೋಟುಪುಸ್ತಕಗಳನ್ನು ತುಂಬಿಸಿದ್ದೇನೆ. ನನ್ನ ಭಯದ ಮೇಲೆ ನಾನೀಗ ಪ್ರಬಂಧ ಮಂಡಿಸಬಲ್ಲೆ, ಆದರೆ ಲಿಫ್ಟಿನೊಳಗೆ ಕಾಲಿಡಲಾರೆ.

ಭಯವನ್ನು ಒಪ್ಪಿಕೊಳ್ಳಬೇಕು ಎಂಬ ಮಾತನ್ನು ಈಚೆಗೆ ಬಹಳ ಕಡೆ ಓದುತ್ತಿದ್ದೇನೆ. ಇದು ನನಗೆ ಅರ್ಥವಾಗುತ್ತಿಲ್ಲ. ನಾನು ಇಂಥವನು ಎಂದು ಒಪ್ಪಿಕೊಂಡು ಮೆಟ್ಟಿಲು ಹತ್ತುತ್ತಲೇ ಇರುವುದಾದರೆ ಅದನ್ನು ಈಗಾಗಲೇ ಮಾಡುತ್ತಿದ್ದೇನೆ. ಅದಲ್ಲ, ಒಳಗೆ ನಿಂತು ಭಯವನ್ನು ಸ್ವಾಗತಿಸಬೇಕು ಎಂದಾದರೆ, ಅದನ್ನೂ ಕಳೆದ ತಿಂಗಳು ಪ್ರಯತ್ನಿಸಿದೆ. “ಬಾ, ನಿನ್ನನ್ನು ಒಪ್ಪಿದ್ದೇನೆ” ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತ ನಿಂತೆ. ಭಯ ಬಂದಿತು, ಹೋಗಲಿಲ್ಲ. ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆದದ್ದೇ ತಡ ನಾನೇ ಓಡಿಹೋದೆ. ಒಪ್ಪಿಕೊಳ್ಳುವುದಕ್ಕೂ ಶರಣಾಗುವುದಕ್ಕೂ ಇರುವ ಅಂತರವೇನು? ನನ್ನನ್ನು ನಾನು ನೋಡಿಕೊಳ್ಳುವುದಕ್ಕೂ ಸುಮ್ಮನೆ ಕೊರಗುವುದಕ್ಕೂ ಇರುವ ಗೆರೆ ಎಲ್ಲಿದೆ? ಈ ಹಾದಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ನೇರಮಾತು:

ಅತಿಯಾಗಿ ಯೋಚಿಸುವುದೇ ನಿಮ್ಮ ಸಮಸ್ಯೆ ಎಂದು ತೋರುತ್ತದೆ. ಒಂದು ದಿನ ಗಟ್ಟಿ ಮನಸ್ಸು ಮಾಡಿ 11ನೆಯ ಮಹಡಿಯವರೆಗೂ ಹೋಗಿಬಿಡಿ. ಧೈರ್ಯವೊಂದಿದ್ದರೆ ಸಾಕು, ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ.

ಸೇತುವೆಯ ಈಚೆ:

ಮೇಲಿನ ಸಲಹೆ ಒಳ್ಳೆಯ ಮನಸ್ಸಿನಿಂದಲೇ ಬಂದಿದೆ ಎಂದುಕೊಳ್ಳುತ್ತೇನೆ. ಆದರೂ ಹೆದರುವವರ ಮೇಲೆ ಕಪ್ಪೆ ಎಸೆಯುವ ಕೆಲಸದಿಂದ ಯಾರಿಗಾದರೂ ಧೈರ್ಯ ಬಂದದ್ದನ್ನು ನಾನು ಕಂಡಿಲ್ಲ.

ನನ್ನದು ಸೇತುವೆಗಳ ಭಯ. ಉದ್ದನೆಯ ಸೇತುವೆಯ ಮೇಲೆ ಕಾರು ಓಡಿಸುವಾಗ ನಡುವೆ ಎಲ್ಲೋ ನನ್ನ ಎದೆ ನಿಂತುಹೋಗುತ್ತದೆ, ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ಅಲ್ಲೇ ಸಾಯುತ್ತೇನೆ ಎಂದು ಖಚಿತವಾಗಿ ಅನ್ನಿಸುತ್ತಿತ್ತು. ಮೂರು ಸಲ ಇಸಿಜಿ ಮಾಡಿಸಿದೆ, ಮೂರು ಸಲವೂ ಹೃದಯ ಚೆನ್ನಾಗಿದೆ ಎಂದೇ ಬಂದಿತು. ಮೊದಲ ವರದಿಯ ನೆಮ್ಮದಿ ಒಂದು ತಿಂಗಳು ಉಳಿದಿತ್ತು, ಮೂರನೆಯದರ ನೆಮ್ಮದಿ ಎರಡು ದಿನವೂ ಉಳಿಯಲಿಲ್ಲ.

ನನಗೆ ಮೊದಲು ದಾರಿ ತೋರಿಸಿದ್ದು ಆಸ್ಟ್ರೇಲಿಯಾದ ವೈದ್ಯೆ ಕ್ಲೇರ್ ವೀಕ್ಸ್ ಅವರ ವಿಚಾರ. 1960ರ ದಶಕದಲ್ಲೇ ಅವರು ಭಯದಲ್ಲಿ ಎರಡು ಪದರಗಳಿವೆ ಎಂದು ಬಿಡಿಸಿ ಹೇಳಿದ್ದರು. ಮೊದಲನೆಯದು ದೇಹದಲ್ಲಿ ಫಕ್ಕನೆ ಏಳುವ ಭಯ. ಎದೆಬಡಿತ, ಬೆವರು, ನಡುಕ ಇವೆಲ್ಲ ಅದರವು. ಅದು ನಮ್ಮನ್ನು ಕೇಳಿ ಬರುವುದಿಲ್ಲ. ಎರಡನೆಯದು ಆ ಮೊದಲನೆಯ ಭಯಕ್ಕೆ ನಾವು ಪಡುವ ಭಯ: ಅಯ್ಯೋ ಶುರುವಾಯಿತು, ಇದು ಹೆಚ್ಚಾದರೆ ಗತಿಯೇನು, ಎಲ್ಲರೂ ನೋಡುತ್ತಾರೆ, ನನಗೆ ಹುಚ್ಚು ಹಿಡಿಯುತ್ತದೆ. ಮೊದಲನೆಯ ಅಲೆ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿಯೇ ಇಳಿಯಲಾರಂಭಿಸುತ್ತದೆ. ಅದು ಇಳಿಯುವ ಮುನ್ನವೇ ಮತ್ತೆ ಮತ್ತೆ ಸೌದೆ ಒಟ್ಟುವುದು ಎರಡನೆಯದು. ಎದುರಿಸಿ, ಒಪ್ಪಿಕೊಳ್ಳಿ, ತೇಲಿ, ಕಾಲ ಸರಿಯಲು ಬಿಡಿ ಎಂಬುದು ಅವರ ಉಪಾಯದ ಸಾರ. ತೇಲುವುದು ಎಂಬ ಮಾತು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಸ್ಟಿಯರಿಂಗನ್ನು ಬೆರಳು ಬಿಳುಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದುಕೊಂಡು ನಾನು ಒಪ್ಪಿದ್ದೇನೆ, ಒಪ್ಪಿದ್ದೇನೆ ಎಂದು ಜಪಿಸುತ್ತಿದ್ದೆನಲ್ಲ, ಆ ಬಿಗಿಯನ್ನು ಬಿಡುವುದೇ ತೇಲುವುದು ಎಂದು ತಿಳಿದಾಗ ನನಗೆ ನಗು ಬಂದಿತು.

ನಿಮ್ಮ ಪ್ರಯತ್ನ ಎಲ್ಲಿ ಎಡವಿತು ಎಂದು ನನಗೆ ಅನ್ನಿಸುವುದನ್ನು ಹೇಳುತ್ತೇನೆ, ತಪ್ಪಾಗಿದ್ದರೆ ಕ್ಷಮಿಸಿ. “ಭಯ ಬಂದಿತು, ಹೋಗಲಿಲ್ಲ” ಎಂದು ನೀವು ಬರೆದಿದ್ದೀರಿ. ಅಂದರೆ ನೀವು ಅದನ್ನು ಒಪ್ಪಿಕೊಂಡದ್ದು ಅದು ಹೋಗಲಿ ಎಂಬ ಷರತ್ತಿನ ಮೇಲೆ. ಅತಿಥಿಯನ್ನು ಬಾಗಿಲಲ್ಲಿ ಬರಮಾಡಿಕೊಳ್ಳುತ್ತಲೇ ಗಡಿಯಾರ ನೋಡಿದಂತೆ ಅದು. ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದೆ. ಒಪ್ಪಿಕೊಳ್ಳುವುದನ್ನೇ ಭಯವನ್ನು ಓಡಿಸುವ ಹೊಸ ಕೋಲನ್ನಾಗಿ ಮಾಡಿಕೊಂಡಿದ್ದೆ. ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗಲೆಲ್ಲ ಗಂಟೆ ಬಾರಿಸಿ ಎಂದು ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ನೆನೆಯಬಹುದು ಎಂದು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ನೆನಪಾಯಿತು. ಭಯ ಹೋಯಿತೇ ಎಂದು ಎರಡು ಸೆಕೆಂಡಿಗೊಮ್ಮೆ ಇಣುಕುವವರ ಪಾಡೂ ಇದೇ ಎಂದು ನನಗೆ ತೋರುತ್ತದೆ.

ಒಪ್ಪಿಕೊಳ್ಳುವುದು ಹೇಗಿರುತ್ತದೆ ಎಂದರೆ ನನಗೆ ಬಿಕ್ಕಳಿಕೆ ನೆನಪಾಗುತ್ತದೆ. ನಾಲ್ಕು ಜನರ ನಡುವೆ ಮಾತನಾಡುವಾಗ ಬಿಕ್ಕಳಿಕೆ ಬಂದರೆ ಮುಜುಗರವಾಗುತ್ತದೆ, ಅದು ನಮ್ಮ ಹತೋಟಿಯಲ್ಲಿಯೂ ಇರುವುದಿಲ್ಲ. ಆದರೂ ಬಿಕ್ಕಳಿಕೆ ಬಂದವರು ನಾನು ಎಂಥ ಮನುಷ್ಯ ಎಂದು ವಿಚಾರಣೆ ನಡೆಸುವುದಿಲ್ಲ, ಮಾತನ್ನು ನಡುನಡುವೆ ತುಂಡರಿಸಿಕೊಂಡೇ ಮುಗಿಸುತ್ತಾರೆ. ನಾನು ಒಂದು ಸಂಜೆ ಹಾಗೆಯೇ ಸೇತುವೆ ದಾಟಿದೆ. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಒದ್ದೆಯಾಗಿತ್ತು, ಆಚೆ ತುದಿ ಮುಟ್ಟಿದಾಗಲೂ ಒದ್ದೆಯಾಗಿಯೇ ಇತ್ತು. ಅಂದು ನನಗೆ ಸಮಾಧಾನವೇನೂ ಆಗಲಿಲ್ಲ, ಸುಸ್ತಾಯಿತು. ಆದರೆ ಭಯ ಇಳಿಯುವುದಕ್ಕೂ ಸೇತುವೆ ದಾಟುವುದಕ್ಕೂ ಸಂಬಂಧವಿರಲೇಬೇಕಾಗಿಲ್ಲ ಎಂಬುದು ಅಂದು ದೇಹಕ್ಕೆ ತಿಳಿಯಿತು. ಮೆಟ್ಟಿಲು ಹತ್ತುವುದನ್ನು ನೀವು ಒಪ್ಪಿಗೆ ಎಂದು ಕರೆದಿದ್ದೀರಿ. ಅಲ್ಲಿ ನೀವು ಒಪ್ಪಿದ್ದು ಭಯದ ಅಪ್ಪಣೆಯನ್ನು. ನಾನು ಹೇಳುತ್ತಿರುವುದು ಎದೆಬಡಿತವನ್ನು ಒಪ್ಪಿ ಅಪ್ಪಣೆಯನ್ನು ಮೀರುವ ವಿಷಯ.

ಆಲಿಸುವವ:

ನಾನು ಆಪ್ತ ಸಮಾಲೋಚನೆಯ ಕೆಲಸದಲ್ಲಿರುವವನು. ಇಲ್ಲಿ ಬರೆಯುವುದು ಚಿಕಿತ್ಸೆಗೆ ಬದಲಿಯಲ್ಲ. ಎದೆಬಡಿತ, ತಲೆಸುತ್ತು ಇರುವವರು ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ, ಥೈರಾಯ್ಡ್, ಹೃದಯ, ರಕ್ತಹೀನತೆಯಂತಹ ಕಾರಣಗಳಿಲ್ಲವೆಂದು ತಿಳಿದುಕೊಳ್ಳುವುದು ಒಳ್ಳೆಯದು. ಒಮ್ಮೆ ಎಂದರೆ ಒಮ್ಮೆ. ಮೂರನೆಯ ಇಸಿಜಿಯ ಕಥೆಯನ್ನು ಮೇಲೆ ಓದಿದಿರಲ್ಲ.

ಬೆರಳು ಜೋಮು ಹಿಡಿಯುವುದು ನಿಮಗೆ ಅಪಾಯದ ಸೂಚನೆಯಂತೆ ಕಾಣುತ್ತಿರಬಹುದು. ಗಾಬರಿಯಲ್ಲಿ ಉಸಿರಾಟ ಬೇಗಬೇಗನೆ ಆಗುವುದರಿಂದ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹಾಗಾಗುತ್ತದೆ. ಗಾಳಿ ಸಾಲುತ್ತಿಲ್ಲ ಎಂದು ಅನ್ನಿಸುವ ಹೊತ್ತಿನಲ್ಲಿ ನೀವು ಅಗತ್ಯಕ್ಕಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತೀರಿ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದಕ್ಕೆ ಯಾರೂ ಉತ್ತರಿಸಿಲ್ಲ. ಭಯ ಹುಟ್ಟಿದ ಕಾರಣ ಬೇರೆ, ಅದು ಉಳಿದುಕೊಂಡಿರುವ ಕಾರಣ ಬೇರೆ. 1947ರಲ್ಲಿ ಮೌರರ್ ಎಂಬ ವಿಜ್ಞಾನಿ ಮಂಡಿಸಿದ ಸಿದ್ಧಾಂತದ ತಿರುಳು ಇದೇ ಆಗಿತ್ತು, ಮುಂದೆ ಅದಕ್ಕೆ ಸಾಕಷ್ಟು ತಿದ್ದುಪಡಿಗಳು ಬಂದರೂ ಈ ಭಾಗ ಇಂದಿಗೂ ಉಪಯುಕ್ತವಾಗಿದೆ. ಕತ್ತಲ ಲಿಫ್ಟಿನಲ್ಲಿ ಕಳೆದ 20 ನಿಮಿಷ ನಿಮ್ಮ ಭಯವನ್ನು ಹುಟ್ಟಿಸಿರಬಹುದು. ಅದನ್ನು 22 ವರ್ಷ ಸಾಕಿದ್ದು ಮಾತ್ರ, ಮೆಟ್ಟಿಲ ಕಡೆಗೆ ತಿರುಗಿದೊಡನೆ ಪ್ರತಿ ಸಲ ನಿಮಗೆ ಸಿಗುವ ನಿರಾಳ. ಆ ನಿರಾಳ ಒಂದು ಬಹುಮಾನ. ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂದು ಮನಸ್ಸು ಪ್ರತಿ ದಿನ ಹೊಸದಾಗಿ ಕಲಿಯುತ್ತದೆ. ನಿಮ್ಮ ಮೂರು ನೋಟುಪುಸ್ತಕಗಳು ಹುಟ್ಟಿನ ಕಡೆಗೆ ನೋಡುತ್ತಿವೆ, ನಿತ್ಯದ ಸಾಕಣೆಯ ಕಡೆಗೆ ನೋಡುತ್ತಿಲ್ಲ. ತಂದೆಯವರ ಕಟ್ಟುನಿಟ್ಟಿನ ಬಗ್ಗೆ ಯೋಚಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಅದರದೇ ಆದ ಸಮಯವಿದೆ. ಆದರೆ ಆ ಲೆಕ್ಕ ಮುಗಿದ ಮೇಲೆಯೇ ಲಿಫ್ಟ್ ಹತ್ತುತ್ತೇನೆ ಎಂದುಕೊಂಡರೆ, ಬರೆಯುವುದೂ ಇನ್ನೊಂದು ಬಗೆಯ ಮೆಟ್ಟಿಲೇ ಆಗುತ್ತದೆ.

ಆತ್ಮಾವಲೋಕನವನ್ನೂ ಕೊರಗನ್ನೂ ಬೇರ್ಪಡಿಸಲು ನಾನು ಬಳಸುವ ಒರಟು ಪರೀಕ್ಷೆ ಹೀಗಿದೆ: ಬರೆದು ಮುಗಿಸಿದಾಗ ನಿಮಗೆ ಮೊದಲು ಗೊತ್ತಿಲ್ಲದಿದ್ದ, ನಾಳೆ ಪರೀಕ್ಷಿಸಿ ನೋಡಬಹುದಾದ ಒಂದು ಸಂಗತಿ ಸಿಕ್ಕಿತೇ? ಸಿಕ್ಕಿದ್ದರೆ ಅದು ಅವಲೋಕನ. ಅದೇ ತೀರ್ಪು ಇನ್ನಷ್ಟು ಕಠಿಣವಾದ ಮಾತಿನಲ್ಲಿ ಮರಳಿ ಬಂದಿದ್ದರೆ ಅದು ಕೊರಗು. “ಏಕೆ ನಾನು ಹೀಗೆ” ಎಂಬ ಪ್ರಶ್ನೆ ಬಹಳ ಸಲ ಕೊರಗಿನ ಕಡೆಗೇ ಜಾರುತ್ತದೆ. “ಆ ಕ್ಷಣದಲ್ಲಿ ಏನಾಯಿತು, ಏನಾಗುತ್ತದೆ ಎಂದುಕೊಂಡೆ, ನಾನು ಏನು ಮಾಡಿದೆ” ಎಂಬ ಪ್ರಶ್ನೆಗಳು ನೆಲದ ಮೇಲೆ ನಿಲ್ಲುತ್ತವೆ. ಆದ್ದರಿಂದ ಒಂದು ಹೊಸ ಪುಟವನ್ನು ತೆಗೆದುಕೊಂಡು, ಬಾಗಿಲು ಮುಚ್ಚಿದ ಮೇಲೆ ನಿಖರವಾಗಿ ಏನಾಗುತ್ತದೆಂದು ನಿಮ್ಮ ಮನಸ್ಸು ಹೇಳುತ್ತದೋ ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ, ಅದು ನಡೆದೇ ತೀರುತ್ತದೆಂಬ ನಂಬಿಕೆ ನೂರಕ್ಕೆ ಎಷ್ಟು ಎಂದೂ ಬರೆಯಿರಿ. “ಭಯವಾಗುತ್ತದೆ” ಎಂಬ ಉತ್ತರ ಸಾಲದು. ಭಯ ಏನನ್ನು ಹೇಳುತ್ತಿದೆ ಎಂಬುದು ಬೇಕು. ನೀವು ಓಟಿಸನ ಕಥೆಯನ್ನು ಅಷ್ಟು ಚೆನ್ನಾಗಿ ತಿಳಿದಿದ್ದೂ ಅದರಿಂದ ಪ್ರಯೋಜನವಾಗಿಲ್ಲ ಎಂದಾಗ, ಲಿಫ್ಟ್ ಬೀಳುವುದು ನಿಮ್ಮ ನಿಜವಾದ ಭಯ ಹೌದೋ ಅಲ್ಲವೋ ಎಂಬ ಅನುಮಾನ ನನಗೆ ಬಂದಿತು.

ಇನ್ನೊಂದು ಪಟ್ಟಿಯೂ ಬೇಕಾಗುತ್ತದೆ. ಲಿಫ್ಟಿನೊಳಗೆ ಹೋದಾಗ ಬಾಗಿಲಿಗೆ ಅಂಟಿಕೊಂಡು ನಿಲ್ಲುವುದು, ಮೊಬೈಲಿನಲ್ಲಿ ಸಿಗ್ನಲ್ ಇದೆಯೇ ಎಂದು ನೋಡುವುದು, ನೀರಿನ ಬಾಟಲಿಯನ್ನು ಬಿಗಿಯಾಗಿ ಹಿಡಿಯುವುದು, ಮಹಡಿಗಳನ್ನು ಎಣಿಸುವುದು ಇಂಥವು ಬಹಳ ಜನರಲ್ಲಿರುತ್ತವೆ. ಇವು ರಕ್ಷೆಯ ತಾಯಿತಗಳಿದ್ದಂತೆ. ಅಪಾಯವಾಗಲಿಲ್ಲ ಎಂಬುದರ ಕೀರ್ತಿಯೆಲ್ಲ ತಾಯಿತಕ್ಕೆ ಹೋಗಿಬಿಡುವುದರಿಂದ ಭಯ ಹಾಗೆಯೇ ಉಳಿಯುತ್ತದೆ. ಒಂದೊಂದನ್ನೇ ಬಿಡಬೇಕಾಗುತ್ತದೆ, ಎಲ್ಲವನ್ನೂ ಮೊದಲ ದಿನವೇ ಅಲ್ಲ.

ಹಂತಹಂತವಾಗಿ ಹತ್ತಿರ ಹೋಗುವ ಕ್ರಮ ಹೊಸದಲ್ಲ. ಮೇರಿ ಕವರ್ ಜೋನ್ಸ್ 1924ರಲ್ಲೇ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ವೃತ್ತಾಂತವನ್ನು ಪ್ರಕಟಿಸಿದ್ದರು. ಅವನು ತನಗಿಷ್ಟವಾದುದನ್ನು ತಿನ್ನುತ್ತಿರುವಾಗ ಮೊಲವನ್ನು ದಿನದಿನವೂ ಸ್ವಲ್ಪ ಸ್ವಲ್ಪ ಹತ್ತಿರ ತರುತ್ತ, ಕೊನೆಗೆ ಅವನು ಅದನ್ನು ಮುಟ್ಟುವಂತಾಯಿತು. ನಿಮ್ಮ ವಿಷಯದಲ್ಲಿ ತೆರೆದ ಬಾಗಿಲಿನ ಲಿಫ್ಟಿನೊಳಗೆ ಸುಮ್ಮನೆ ನಿಲ್ಲುವುದು ಆರಂಭವಾಗಬಹುದು.

ಭಯಕ್ಕೆ ಹೆಸರಿಡುವುದರ ಬಗ್ಗೆಯೂ ಒಂದು ಮಾತು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜೇಡಕ್ಕೆ ಹೆದರುವ 88 ಜನರನ್ನು ಗುಂಪುಗಳಾಗಿ ಮಾಡಿ ಜೇಡದ ಹತ್ತಿರಕ್ಕೆ ಕಳುಹಿಸಿದರು. ಒಂದು ಗುಂಪಿನವರು ತಮಗಾಗುತ್ತಿರುವ ಹೆದರಿಕೆಯನ್ನು ಇದ್ದಹಾಗೆ ಬಾಯಿಬಿಟ್ಟು ಹೇಳಿದರು. ಮತ್ತೊಂದು ಗುಂಪಿನವರು ಜೇಡ ಏನೂ ಮಾಡದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಒಂದು ವಾರದ ನಂತರ, ಹೆದರಿಕೆಯನ್ನು ಹೆಸರಿಸಿದವರ ಚರ್ಮದ ಬೆವರಿನ ಪ್ರತಿಕ್ರಿಯೆ ಉಳಿದವರಿಗಿಂತ ಕಡಿಮೆಯಾಗಿತ್ತು. ಆದರೆ ಎಷ್ಟು ಭಯವಾಯಿತು ಎಂದು ಅವರನ್ನೇ ಕೇಳಿದಾಗ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ದೇಹ ಶಾಂತವಾಗತೊಡಗಿದ ಸುದ್ದಿ ಮನಸ್ಸಿಗೆ ತಡವಾಗಿ ತಲುಪಬಹುದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮೊದಲ ಕೆಲವು ವಾರಗಳಲ್ಲಿ ಏನೂ ಬದಲಾಗಿಲ್ಲ ಎಂದು ಅನ್ನಿಸಿದರೆ ಇದು ನೆನಪಿನಲ್ಲಿರಲಿ.

ಭಯವನ್ನು ಚಿಕಿತ್ಸೆ ಬೇಕಾದ ತೊಂದರೆಯೆಂದು ಗುರುತಿಸಲು ಸಾಮಾನ್ಯವಾಗಿ ನೋಡುವ ಆರು ತಿಂಗಳ ಗಡಿಯನ್ನು ನಿಮ್ಮ ಭಯ ದಾಟಿ ಎಷ್ಟೋ ಕಾಲವಾಗಿದೆ, ಉದ್ಯೋಗಕ್ಕೂ ಆರೋಗ್ಯಕ್ಕೂ ತೊಡಕಾಗಿದೆ. ಇಂಥ ಸ್ಥಿತಿಯಲ್ಲಿ ತರಬೇತಿ ಪಡೆದ ಮನೋಚಿಕಿತ್ಸಕರನ್ನು ಕಾಣುವುದರಲ್ಲಿ ಸಂಕೋಚ ಬೇಡ. ಒಂದೇ ವಸ್ತುವಿಗೆ ಸೀಮಿತವಾದ ಭಯಕ್ಕೆ ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ ಅವರು 1980ರ ದಶಕದಲ್ಲಿ ರೂಪಿಸಿದ, ಹೆಚ್ಚೆಂದರೆ ಮೂರು ಗಂಟೆಗಳ ಒಂದೇ ಬೈಠಕಿನ ವಿಧಾನವೂ ಇದೆ.

ಸಂದೇಹಿ:

ಎಲ್ಲ ಭಯಗಳಿಗೂ ಒಪ್ಪಿಕೊಳ್ಳಿ, ಬಿಗಿ ಬಿಡಿ ಎಂಬ ಒಂದೇ ಮದ್ದನ್ನು ಹಂಚುವುದಕ್ಕೆ ನನ್ನ ಆಕ್ಷೇಪಣೆಯಿದೆ. ನನ್ನದು ರಕ್ತ ಮತ್ತು ಸೂಜಿಯ ಭಯ. ಸಡಿಲವಾಗಿ ಕುಳಿತುಕೊಳ್ಳಿ, ಬರುವುದನ್ನು ಬರಲು ಬಿಡಿ ಎಂದು ಒಬ್ಬರು ಹೇಳಿದ್ದನ್ನು ನಂಬಿ, ರಕ್ತಪರೀಕ್ಷೆಗೆ ಕುಳಿತಾಗ ಹಾಗೆಯೇ ಮಾಡಿದೆ. ಕಣ್ಣು ಕತ್ತಲೆ ಬಂದು ಕುರ್ಚಿಯಿಂದ ಬಿದ್ದು ಹುಬ್ಬಿನ ಮೇಲೆ ಎರಡು ಹೊಲಿಗೆ ಹಾಕಿಸಿಕೊಂಡೆ. (ಹೊಲಿಗೆ ಹಾಕುವಾಗ ಮತ್ತೆ ಸೂಜಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.)

ಉಳಿದ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ, ಹಾಗಾಗಿ ಮೂರ್ಛೆ ಬರುವುದು ಅಪರೂಪ. ನಮ್ಮಂಥವರಲ್ಲಿ ಮೊದಲು ಸ್ವಲ್ಪ ಏರಿ, ಆಮೇಲೆ ದಡಕ್ಕನೆ ಇಳಿಯುತ್ತದೆ. ಇದಕ್ಕೆ ಮೇಲೆ ಹೆಸರಿಸಿದ ಓಸ್ಟ್ ಅವರೇ ಸಹೋದ್ಯೋಗಿಯೊಂದಿಗೆ 1987ರಲ್ಲಿ ವಿವರಿಸಿದ ವಿಧಾನ ಬಿಗಿ ಬಿಡುವುದರ ಪೂರ್ತಿ ತಲೆಕೆಳಗು: ತೋಳು, ಎದೆ, ಕಾಲುಗಳ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬಿಸಿಯಾಗುವವರೆಗೆ ಬಿಗಿಹಿಡಿದು, ಸಹಜ ಸ್ಥಿತಿಗೆ ಬಿಟ್ಟು, 20ರಿಂದ 30 ಸೆಕೆಂಡುಗಳ ನಂತರ ಮತ್ತೆ ಬಿಗಿಹಿಡಿಯುವುದು, ಹೀಗೆ ಐದು ಸಲ. ನಾನೀಗ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತೇನೆ, ಮಲಗಿಕೊಂಡೇ.

ಕತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿದವನಿಗೆ ದೀಪ ತಂದು ತೋರಿಸಿದರೆ ಭಯ ಹೋಗುತ್ತದೆ ಎನ್ನುತ್ತಾರೆ. ನಮ್ಮ ಪಾಡು ಬೇರೆ: ಹಗ್ಗ ಎಂದು ಚೆನ್ನಾಗಿ ಗೊತ್ತು, ಆದರೂ ಕಾಲು ಹಾರುತ್ತದೆ. ಕಾಲು ಹಾರುವುದನ್ನು ಒಪ್ಪಿಕೊಳ್ಳಿ ಎಂದರೆ ಒಪ್ಪುತ್ತೇನೆ, ಬೀಳುವುದನ್ನು ಒಪ್ಪಲಾರೆ.

ಸೇತುವೆಯ ಈಚೆ:

ನಿಮ್ಮ ತಿದ್ದುಪಡಿಯನ್ನು ಒಪ್ಪುತ್ತೇನೆ, ಈ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಒಂದು ಮಾತು: ನನಗೆ ರಕ್ತ ಕಂಡರೆ ತಲೆ ಸುತ್ತುತ್ತದೆ, ಆದ್ದರಿಂದ ಮಲಗಿಕೊಂಡೇ ಕೊಡುತ್ತೇನೆ ಎಂದು ಯಾವ ಮುಜುಗರವೂ ಇಲ್ಲದೆ ಹೇಳಿ ಮಲಗುತ್ತೀರಲ್ಲ, ನಾನು ಒಪ್ಪಿಕೊಳ್ಳುವುದು ಎಂದದ್ದು ಅದನ್ನೇ.

ಸಂದೇಹಿ:

ಸರಿ, ಅಷ್ಟಕ್ಕೆ ನನ್ನ ತಕರಾರಿಲ್ಲ.

ಹನ್ನೊಂದನೆಯ ಮಹಡಿ (ಆರು ವಾರಗಳ ನಂತರ):

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಬಾಗಿಲು ಮುಚ್ಚಿದ ಮೇಲೆ ಏನಾಗುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ ಎಂಬ ಸಲಹೆಯನ್ನು ಬಹಳ ಸುಲಭದ್ದೆಂದುಕೊಂಡು ಕುಳಿತೆ. “ಲಿಫ್ಟ್ ಬೀಳುತ್ತದೆ” ಎಂದು ಬರೆದು ನಂಬಿಕೆಯ ಅಂಕ ಹಾಕಹೊರಟರೆ ನೂರಕ್ಕೆ ಐದೂ ಬರಲಿಲ್ಲ. “ಉಸಿರುಕಟ್ಟಿ ಸಾಯುತ್ತೇನೆ” ಎಂದು ಬರೆದೆ, ಹತ್ತು. ಹಾಗಾದರೆ ಉಳಿದದ್ದೇನು ಎಂದು ಸುಮಾರು ಹೊತ್ತು ಪುಟವನ್ನೇ ನೋಡುತ್ತ ಕುಳಿತ ಮೇಲೆ ಕೈ ತಾನಾಗಿ ಬರೆದ ವಾಕ್ಯ ಇದು: “ಎಲ್ಲರ ಎದುರಿಗೆ ಕಿರುಚಿ ಅಳುತ್ತೇನೆ.” ಇದಕ್ಕೆ 85. ಹದಿನಾರನೆಯ ವಯಸ್ಸಿನ ಆ 20 ನಿಮಿಷಗಳಲ್ಲಿ ನಾನು ಕತ್ತಲಲ್ಲಿ ಅತ್ತಿದ್ದೆ, ದೀಪ ಬಂದಾಗ ಒಳಗಿದ್ದವರಲ್ಲಿ ಇಬ್ಬರು ನಕ್ಕಿದ್ದರು. ಈ ಸಂಗತಿ ನನಗೆ ಮರೆತೇನೂ ಹೋಗಿರಲಿಲ್ಲ. ಆದರೆ ನನ್ನ ಮೂರು ನೋಟುಪುಸ್ತಕಗಳಲ್ಲಿ ಒಂದು ಕಡೆಯೂ ಇರಲಿಲ್ಲ. ಇಲ್ಲಿ ಮೊದಲು ಬರೆದಾಗಲೂ ಅದನ್ನು ಬಿಟ್ಟೇ ಬರೆದಿದ್ದೆ. ಇಷ್ಟು ವರ್ಷ ನನಗಿಲ್ಲದ ಭಯಕ್ಕೆ ಓಟಿಸನಿಂದ ಸಮಾಧಾನ ಪಡೆಯುತ್ತಿದ್ದೆನಲ್ಲ ಎಂದು ಆಶ್ಚರ್ಯವಾಯಿತು.

ಅದರಿಂದ ಅಭ್ಯಾಸದ ಸ್ವರೂಪವೂ ಬದಲಾಯಿತು. ಮೊದಲ ವಾರ ಸಂಜೆ ಎಲ್ಲರೂ ಹೋದ ಮೇಲೆ ತೆರೆದ ಬಾಗಿಲಿನ ಲಿಫ್ಟಿನಲ್ಲಿ ನಿಂತೆ. ಎರಡನೆಯ ವಾರ ಒಬ್ಬನೇ ಒಂದು ಮಹಡಿ, ಎರಡು ಮಹಡಿ. ಒಬ್ಬನೇ ಇರುವಾಗ ನಿರೀಕ್ಷಿಸಿದ್ದಕ್ಕಿಂತ ಸುಲಭವಾಗಿದ್ದುದೇ ನನ್ನ ಊಹೆಗೆ ಸಾಕ್ಷಿ ಎನ್ನಿಸಿ, ಮೂರನೆಯ ವಾರದಿಂದ ಜನರಿರುವ ಹೊತ್ತಿಗೇ ಹತ್ತತೊಡಗಿದೆ. ಬಾಗಿಲಿಗೆ ಅಂಟಿ ನಿಲ್ಲುವುದನ್ನು ಬಿಟ್ಟು ಹಿಂದಿನ ಮೂಲೆಗೆ ಹೋದೆ. ಮೊಬೈಲನ್ನು ಜೇಬಿನಲ್ಲೇ ಇಟ್ಟೆ. ಪ್ರತಿ ಸಲ ಹೊರಬಂದು “ಕಿರುಚಿದೆನೇ? ಇಲ್ಲ. ಬೆವರಿದೆನೇ? ಹೌದು. ಯಾರಾದರೂ ನೋಡಿದರೇ? ಒಬ್ಬರು ತಮ್ಮ ಮೊಬೈಲ್ ನೋಡಿಕೊಳ್ಳುತ್ತಿದ್ದರು” ಎಂದು ಬರೆದಿಟ್ಟೆ. ಆ ಮೂರು ನೋಟುಪುಸ್ತಕಗಳಿಗಿಂತ ಈ ಪುಟಗಳು ಎಷ್ಟೋ ನೀರಸವಾಗಿವೆ, ಓದಲು ಏನೂ ಇಲ್ಲ.

ನಾಲ್ಕನೆಯ ವಾರ ಕೆಟ್ಟುಹೋಯಿತು. ತುಂಬಿದ ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಬರುವಷ್ಟರಲ್ಲಿ ಗಂಟಲು ಕಟ್ಟಿ, ಜನರನ್ನು ತಳ್ಳಿಕೊಂಡೇ ಹೊರಗೆ ಬಂದೆ. ಎರಡು ದಿನ ಮತ್ತೆ ಮೆಟ್ಟಿಲು. ಮೂರನೆಯ ದಿನ ಮಂಡಿ ಒಪ್ಪಲಿಲ್ಲ, ಹಾಗಾಗಿ ಮರಳಿ ಲಿಫ್ಟಿಗೆ ಹೋದೆ. ಅದರಲ್ಲಿ ನನ್ನ ಧೈರ್ಯದ ಪಾಲೇನೂ ಇರಲಿಲ್ಲ. ಆ ಹಿನ್ನಡೆಯ ನಂತರ ಮನೋಚಿಕಿತ್ಸಕರೊಬ್ಬರನ್ನು ಕಂಡಿದ್ದೇನೆ, ಇನ್ನು ಎರಡು ಭೇಟಿಗಳಿವೆ.

ಈಗ ಆರನೆಯ ಮಹಡಿಯವರೆಗೆ ಲಿಫ್ಟಿನಲ್ಲಿ ಹೋಗಿ, ಅಲ್ಲಿಂದ ಮೆಟ್ಟಿಲು ಹತ್ತುತ್ತೇನೆ. ಎದೆ ಇಂದಿಗೂ ಹೊಡೆದುಕೊಳ್ಳುತ್ತದೆ. “ಕಿರುಚಿ ಅಳುತ್ತೇನೆ” ಎಂಬುದರ ಅಂಕ 40ಕ್ಕೆ ಬಂದಿದೆ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ನಿನ್ನೆ, 11ಕ್ಕೆ ಹೋಗಬೇಕಾದವರು ದಿನವೂ ಆರರಲ್ಲಿ ಏಕೆ ಇಳಿಯುತ್ತೀರಿ ಎಂದು ಕೇಳಿದರು. ವ್ಯಾಯಾಮ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. “ನನಗೆ ಲಿಫ್ಟ್ ಎಂದರೆ ಭಯ, ಆರರವರೆಗೆ ಅಭ್ಯಾಸವಾಗಿದೆ” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಏಳನ್ನು ಒತ್ತಲೇ ಎಂದು ಕೇಳಿದರು. ನಾಳೆ ಒತ್ತೋಣ ಎಂದು ಹೇಳಿ ಇಳಿದೆ.